ದಿನಾ ಮೇವು ಕೇಳುವ ಯಂತ್ರ

ಕಲರ್ ಲ್ಯಾಬ್ ಮುಚ್ಚಿ ಆರು ವರ್ಷವಾಗಿತ್ತು. ಹಿಂದಿನ ಕೋಣೆಯಲ್ಲಿ ಎರಡು ಯಂತ್ರಗಳು ಬಟ್ಟೆ ಹೊದ್ದು ನಿಂತಿದ್ದವು. ಒಂದು ಫೋಟೋ ಪ್ರಿಂಟ್ ಹಾಕುವ ದೊಡ್ಡದು, ಇನ್ನೊಂದು ಫಿಲಂ ರೋಲ್ ತೊಳೆಯುವ ಚಿಕ್ಕದು. ಗುಜರಿಯವರು ಆಗಲೇ ಬಂದು ಕಬ್ಬಿಣದ ತೂಕದ ಲೆಕ್ಕದಲ್ಲಿ ರೇಟು ಹೇಳಿ ಹೋಗಿದ್ದರು. ನಾನು ಚಿಕ್ಕದನ್ನು ಕೊಂಡೆ. ಗೂಡ್ಸ್ ಆಟೋಗೆ ಹತ್ತಿಸುವಾಗ, ಅದನ್ನು ಇಪ್ಪತ್ತು ವರ್ಷ ನಡೆಸಿದ ಆಪರೇಟರ್ ಒಂದು ಮಾತು ಹೇಳಿದರು: "ಇದು ಹಸು ಇದ್ದ ಹಾಗೆ ಸಾರ್. ಹಾಲು ಕರೀರಿ, ಬಿಡಿ, ಮೇವು ಮಾತ್ರ ದಿನಾ ಹಾಕ್ಬೇಕು."

ಯಂತ್ರದ ಮೇಲಿನ ಪ್ರೀತಿಗೆ ಹಾಗಂದರು ಅಂದುಕೊಂಡಿದ್ದೆ. ಅದು ಪಕ್ಕಾ ರಸಾಯನಶಾಸ್ತ್ರದ ಮಾತು ಅಂತ ಗೊತ್ತಾಗಲು ಎರಡು ತಿಂಗಳು ಬೇಕಾಯಿತು.

ಇಂಥ ಯಂತ್ರಕ್ಕೆ ಮಿನಿಲ್ಯಾಬ್ ಅಂತ ಹೆಸರು. ಇದು ಬರುವ ಮೊದಲು ಬಣ್ಣದ ರೋಲ್ ದೂರದ ದೊಡ್ಡ ಲ್ಯಾಬಿಗೆ ಹೋಗಿ ಬರಬೇಕಿತ್ತು. ದಿನಗಟ್ಟಲೆ ಕಾಯಬೇಕಿತ್ತು. ಅಂಗಡಿಯ ಮೂಲೆಯಲ್ಲಿ ಕೂರಿಸಬಹುದಾದ ಯಂತ್ರವನ್ನು 1970ರ ದಶಕದಲ್ಲಿ ಜಪಾನಿನ ವಕಯಾಮಾದ ನೊರಿತ್ಸು ಕಂಪನಿ ತಂದಿತು. 1996ರಲ್ಲಿ ಫ್ಯೂಜಿಯವರ ಫ್ರಾಂಟಿಯರ್ ಬಂತು. ಅದು ನೆಗೆಟಿವನ್ನು ಸ್ಕ್ಯಾನ್ ಮಾಡಿ ಲೇಸರ್ ಬೆಳಕಿನಿಂದ ಕಾಗದದ ಮೇಲೆ ಫೋಟೋ ಬರೆಯುತ್ತಿತ್ತು. ನಮ್ಮ ಊರುಗಳಲ್ಲಿ ಮದುವೆ ಆಲ್ಬಮ್ಮುಗಳ ಆದಾಯದ ಮೇಲೆ ಕಲರ್ ಲ್ಯಾಬ್‌ಗಳು ನಡೆದವು. ಡಿಜಿಟಲ್ ಕ್ಯಾಮೆರಾ ಬಂತು, ಆಮೇಲೆ ಫೋನ್ ಬಂತು. ರೋಲ್ ತೊಳೆಯುವ ಯಂತ್ರಗಳು ಒಂದೊಂದಾಗಿ ಗುಜರಿಗೆ ಹೋದವು.

ಈಗ ಮತ್ತೆ ಒಂದಷ್ಟು ಜನ ಫಿಲಂ ಕಡೆ ತಿರುಗಿದ್ದಾರೆ. ಅವರಲ್ಲಿ ಹಲವರಿಗೆ ಬರುವ ಯೋಚನೆ ಇದೇ: ಹಳೇ ಮಿನಿಲ್ಯಾಬ್ ಕಡಿಮೆಗೆ ಸಿಗುತ್ತೆ, ಮನೆಯಲ್ಲೇ ಇಟ್ಟುಕೊಂಡರೆ ಹೇಗೆ? ಇಟ್ಟುಕೊಳ್ಳಬಹುದು. ಆದರೆ ಮೊದಲು ಅದರ ಹೊಟ್ಟೆಯೊಳಗೆ ಏನು ನಡೆಯುತ್ತೆ ಅಂತ ತಿಳಿದಿರಬೇಕು.

ಬಣ್ಣದ ಫಿಲಂ ಮೇಲಿನ ಲೇಪ ಕೂದಲಿಗಿಂತ ತೆಳು. ಅಷ್ಟರಲ್ಲೇ ನೀಲಿ, ಹಸಿರು, ಕೆಂಪು ಬೆಳಕನ್ನು ಹಿಡಿಯುವ ಬೇರೆ ಬೇರೆ ಪದರಗಳಿವೆ. ಪ್ರತಿ ಪದರದಲ್ಲೂ ಬೆಳ್ಳಿಯ ಉಪ್ಪಿನ ಸಣ್ಣ ಹರಳುಗಳಿವೆ, ಅದರಲ್ಲಿ ಬಹುಪಾಲು ಸಿಲ್ವರ್ ಬ್ರೋಮೈಡ್. ಜೊತೆಗೆ ಕಪ್ಲರ್ ಅನ್ನುವ ವಸ್ತು ಇರುತ್ತೆ. ಇದಕ್ಕೆ ಸದ್ಯಕ್ಕೆ ಬಣ್ಣ ಇಲ್ಲ, ಮುಂದೆ ಬಣ್ಣವಾಗಬಲ್ಲದು. ಬೆಳಕು ಬಿದ್ದ ಹರಳನ್ನು ಡೆವಲಪರ್ ಅನ್ನುವ ದ್ರಾವಣ ಶುದ್ಧ ಬೆಳ್ಳಿಯಾಗಿ ಮಾಡುತ್ತೆ. ಆ ಕೆಲಸದಲ್ಲಿ ಡೆವಲಪರ್ ತಾನೇ ಉತ್ಕರ್ಷಣಗೊಂಡು, ಪಕ್ಕದಲ್ಲಿರುವ ಕಪ್ಲರಿನ ಜೊತೆ ಸೇರಿ ಬಣ್ಣವಾಗುತ್ತೆ. ನೀಲಿ ಬೆಳಕಿನ ಪದರದಲ್ಲಿ ಹಳದಿ, ಹಸಿರಿನದರಲ್ಲಿ ಮೆಜೆಂಟಾ, ಕೆಂಪಿನದರಲ್ಲಿ ಸಯಾನ್. ಆಮೇಲೆ ಬ್ಲೀಚ್ ಬಂದು ಬೆಳ್ಳಿಯನ್ನು ಮತ್ತೆ ಉಪ್ಪಾಗಿಸುತ್ತೆ. ಫಿಕ್ಸರ್ ಆ ಉಪ್ಪನ್ನು ಕರಗಿಸಿ ಹೊರಗೆ ತೆಗೆಯುತ್ತೆ. ಕೊನೆಗೆ ಉಳಿಯುವುದು ಬಣ್ಣ ಮಾತ್ರ. ನಿಮ್ಮ ಮನೆಯ ಹಳೇ ಬಣ್ಣದ ನೆಗೆಟಿವಿನಲ್ಲಿ ಬೆಳ್ಳಿ ಹುಡುಕಿದರೆ ಸಿಗುವುದಿಲ್ಲ.

ಈ ವಿಧಾನಕ್ಕೆ ಸಿ-41 ಅಂತ ಹೆಸರು. ಕೊಡಾಕ್ 1972ರಲ್ಲಿ ತಂದದ್ದು. ಡೆವಲಪರಿನಲ್ಲಿ 3 ನಿಮಿಷ 15 ಸೆಕೆಂಡ್, 37.8 ಡಿಗ್ರಿ ಸೆಲ್ಸಿಯಸ್. ಈ 37.8 ಅಂದರೆ ಸರಿಯಾಗಿ 100 ಡಿಗ್ರಿ ಫ್ಯಾರನ್‌ಹೀಟ್. ಮೈಗೆ ಸಣ್ಣ ಜ್ವರ ಬಂದಷ್ಟು ಬಿಸಿ. ಅದರಿಂದ 0.15 ಡಿಗ್ರಿ ಆಚೀಚೆ ಹೋಗಬಾರದು ಅನ್ನುವುದು ನಿಯಮ. ಯಾಕಿಷ್ಟು ಬಿಗಿ? ಮೂರು ಪದರಗಳು ಒಂದರ ಕೆಳಗೆ ಒಂದಿವೆ. ಡೆವಲಪರ್ ಮೇಲಿನಿಂದ ಇಳಿದು ತಳದ ಪದರ ಮುಟ್ಟಬೇಕು. ಬಿಸಿ ಹೆಚ್ಚುಕಡಿಮೆ ಆದರೆ ಮೂರೂ ಒಂದೇ ಅಳತೆಯಲ್ಲಿ ಬದಲಾಗುವುದಿಲ್ಲ. ಒಂದು ಪದರ ಮುಂದೆ ಓಡುತ್ತೆ, ಇನ್ನೊಂದು ಹಿಂದೆ ಬೀಳುತ್ತೆ. ನೆರಳಿನ ಜಾಗದಲ್ಲಿ ಒಂದು ಛಾಯೆ, ಬೆಳಕಿನ ಜಾಗದಲ್ಲಿ ಇನ್ನೊಂದು ಛಾಯೆ ಬಂದುಬಿಡುತ್ತೆ. ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡುವುದು ತುಂಬಾ ಕಷ್ಟ. ಬಿಸಿಯನ್ನು ಹೀಗೆ ಹಿಡಿದಿಡುವುದರಲ್ಲಿ ಮಿನಿಲ್ಯಾಬ್ ನಿಜಕ್ಕೂ ನಿಸ್ಸೀಮ. ಹೀಟರ್, ಪಂಪ್, ಸೆನ್ಸರ್ ಮೂರೂ ಬಿಡುವಿಲ್ಲದೆ ದ್ರಾವಣವನ್ನು ತಿರುಗಿಸುತ್ತಾ ಕಾಯುತ್ತವೆ.

ಈಗ ಮೇವಿನ ವಿಷಯ.

ಒಂದು ರೋಲ್ ಡೆವಲಪರ್ ತುಂಬಿದ ಟ್ಯಾಂಕಿನಲ್ಲಿ ಹಾದುಹೋದಾಗ ಎರಡು ಬದಲಾವಣೆ ಆಗುತ್ತೆ. ಡೆವಲಪರಿನ ಶಕ್ತಿ ಸ್ವಲ್ಪ ಖರ್ಚಾಗುತ್ತೆ. ಫಿಲಂನಿಂದ ಸ್ವಲ್ಪ ಬ್ರೋಮೈಡ್ ಬಿಡುಗಡೆಯಾಗಿ ದ್ರಾವಣಕ್ಕೆ ಸೇರುತ್ತೆ. ಬ್ರೋಮೈಡ್ ಈ ಕೆಲಸಕ್ಕೆ ಬ್ರೇಕ್ ಇದ್ದ ಹಾಗೆ, ಜಾಸ್ತಿಯಾದರೆ ಡೆವಲಪ್ ಆಗುವುದು ನಿಧಾನವಾಗುತ್ತೆ. ಅದಕ್ಕೇ ಪ್ರತಿ ರೋಲ್ ಹೋದಾಗಲೂ ಯಂತ್ರ ಅದರ ಉದ್ದ ಅಳೆದು, ಅಷ್ಟಕ್ಕೆ ತಕ್ಕ ಹೊಸ ದ್ರಾವಣವನ್ನು ಟ್ಯಾಂಕಿಗೆ ಬಿಡುತ್ತೆ. ಇದಕ್ಕೆ ರೆಪ್ಲೆನಿಶರ್ ಅಂತಾರೆ. ಅಷ್ಟೇ ಹಳೆಯದು ತುಂಬಿ ಹೊರಗೆ ಹರಿಯುತ್ತೆ. ಹೀಗೆ ಸಾವಿರಾರು ರೋಲ್ ಹೋದರೂ ಟ್ಯಾಂಕಿನ ಗುಣ ಒಂದೇ ಸಮ ಇರುತ್ತೆ.

ಬರೀ ರೆಪ್ಲೆನಿಶರ್ ತುಂಬಿಸಿ ಹೊಸ ಟ್ಯಾಂಕ್ ಶುರುಮಾಡಿದರೆ ಮೊದಲ ರೋಲ್‌ಗಳು ಕೆಡುತ್ತವೆ. ಅದರಲ್ಲಿ ಬ್ರೇಕ್ ಸಾಲದು, ಹಾಗಾಗಿ ಶಕ್ತಿ ಮಿತಿಮೀರಿರುತ್ತೆ. ಅದಕ್ಕೆ ನೀರಿನ ಜೊತೆ ಸ್ಟಾರ್ಟರ್ ಅನ್ನುವ ಇನ್ನೊಂದು ದ್ರಾವಣ ಸೇರಿಸಬೇಕು. ಅದರಲ್ಲಿ ಬ್ರೋಮೈಡ್ ಇರುತ್ತೆ. ಆಗ ಹೊಸ ಟ್ಯಾಂಕ್ ಬಹಳ ದಿನ ಪಳಗಿದ ಟ್ಯಾಂಕಿನ ಹಾಗೆ ನಡೆದುಕೊಳ್ಳುತ್ತೆ.

ಇದನ್ನೆಲ್ಲ ಇಷ್ಟು ಹೇಳಿದ್ದು ಒಂದು ಲೆಕ್ಕಕ್ಕಾಗಿ. 24 ಫ್ರೇಮಿನ ಒಂದು ರೋಲಿಗೆ ಹೆಚ್ಚುಕಡಿಮೆ 20 ಮಿಲಿಲೀಟರ್ ಡೆವಲಪರ್ ರೆಪ್ಲೆನಿಶರ್ ಬೇಕು ಅನ್ನೋಣ. ರಾಸಾಯನಿಕದ ಕಂಪನಿಗೆ ತಕ್ಕಂತೆ ಇದು ಬದಲಾಗುತ್ತೆ. ಟ್ಯಾಂಕ್ 10 ಲೀಟರಿನದು ಅಂತ ಇಟ್ಟುಕೊಳ್ಳಿ. ಟ್ಯಾಂಕಿನಷ್ಟು ಹೊಸ ದ್ರಾವಣ ಒಳಗೆ ಬರಬೇಕಾದರೆ 500 ರೋಲ್ ಹೋಗಬೇಕು. ದಿನಕ್ಕೆ 50 ರೋಲ್ ಬರುತ್ತಿದ್ದ ಅಂಗಡಿಗೆ ಅದು 10 ದಿನದ ಕೆಲಸ. ಮನೆಯಲ್ಲಿ ವಾರಕ್ಕೆ 5 ರೋಲ್ ತೊಳೆದರೆ? 100 ವಾರ. ಹತ್ತಿರ ಹತ್ತಿರ ಎರಡು ವರ್ಷ.

ಎರಡು ವರ್ಷ ಆ ಡೆವಲಪರ್ ಬಾಯಿ ತೆರೆದ ಟ್ಯಾಂಕಿನಲ್ಲಿ ಬದುಕಿರುವುದಿಲ್ಲ. ಕತ್ತರಿಸಿಟ್ಟ ಬದನೆಕಾಯಿ ಕಪ್ಪಾಗುತ್ತಲ್ವಾ, ಹಾಗೇ ಇದೂ ಗಾಳಿಗೆ ಕೆಡುತ್ತೆ. ತಿಳಿ ಬಣ್ಣದಲ್ಲಿದ್ದದ್ದು ಚಹಾದ ಬಣ್ಣಕ್ಕೆ ತಿರುಗುತ್ತೆ. ನನ್ನ ಮೊದಲ ಟ್ಯಾಂಕ್ ಕೆಟ್ಟದ್ದು ಹೀಗೆ. ಆರನೇ ವಾರಕ್ಕೆ ನೆಗೆಟಿವ್ ತೆಳುವಾಗಿ ಬರತೊಡಗಿತು. ಬಿಸಿ ಸರಿ ಇತ್ತು, ಸಮಯ ಸರಿ ಇತ್ತು, ರೆಪ್ಲೆನಿಶರ್ ಸಹ ಹೋಗುತ್ತಿತ್ತು. ಫಿಲಂ ಎಷ್ಟು ಗಾಢವಾಗಿದೆ ಅಂತ ಅಳೆಯುವ, ಲ್ಯಾಬಿನಿಂದಲೇ ತಂದಿದ್ದ ಡೆನ್ಸಿಟೋಮೀಟರಿನಲ್ಲಿ ಕಂಟ್ರೋಲ್ ಸ್ಟ್ರಿಪ್ ಇಟ್ಟು ನೋಡಿದೆ. ಇದು ಕಾರ್ಖಾನೆಯಲ್ಲೇ ಅಳತೆಯ ಬೆಳಕು ಬೀರಿ ಕಳಿಸುವ ಫಿಲಂ ತುಂಡು. ತೊಳೆದ ಮೇಲೆ ಅದರಲ್ಲಿ ಮೂಡುವ ಚೌಕ ಮನೆಗಳ ಸಾಂದ್ರತೆಯನ್ನು ಮಾದರಿ ತುಂಡಿಗೆ ಹೋಲಿಸಬೇಕು. ಗಾಢವಾಗಿ ಬರಬೇಕಾದ ಮನೆಗಳು ಮೂರೂ ಬಣ್ಣದಲ್ಲಿ ಕೆಳಗಿಳಿದಿದ್ದವು. ಆಪರೇಟರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ವಾರಕ್ಕೆ ಎಷ್ಟು ರೋಲ್ ಹಾಕ್ತೀರಿ ಸಾರ್?"

ಪಕ್ಕದ ಬ್ಲೀಚ್ ಟ್ಯಾಂಕಿನ ಕಥೆ ಪೂರ್ತಿ ಉಲ್ಟಾ. ಬ್ಲೀಚಿನಲ್ಲಿ ಕೆಲಸ ಮಾಡುವುದು ಕಬ್ಬಿಣದ ಸಂಯುಕ್ತ. ಬೆಳ್ಳಿಯನ್ನು ಉಪ್ಪಾಗಿಸುವಾಗ ಆ ಕಬ್ಬಿಣ ಫೆರಿಕ್ ರೂಪದಿಂದ ಫೆರಸ್ ರೂಪಕ್ಕೆ ಇಳಿಯುತ್ತೆ. ಅದನ್ನು ಮತ್ತೆ ಮೇಲೆತ್ತಲು ಆಮ್ಲಜನಕ ಬೇಕು. ಅದಕ್ಕೇ ಬ್ಲೀಚಿಗೆ ಗಾಳಿ ಊದುವ ಪುಟ್ಟ ಪಂಪ್ ಇರುತ್ತೆ, ಮೀನಿನ ತೊಟ್ಟಿಯಲ್ಲಿ ಇರುವಂಥದ್ದು. ಒಂದೇ ಯಂತ್ರ, ಒಂದೇ ಗಾಳಿ. ಒಂದು ಟ್ಯಾಂಕಿಗೆ ಅದು ವಿಷ, ಅಂಗೈ ಅಗಲದಾಚೆಯ ಟ್ಯಾಂಕಿಗೆ ಉಸಿರು. ಈ ಯಂತ್ರದಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಇದು. ಆದರೆ ಬ್ಲೀಚಿನ ನಾಲ್ಕು ಹನಿ ಡೆವಲಪರಿಗೆ ಸಿಡಿದರೂ ಆ ಟ್ಯಾಂಕ್ ಕೆಡುತ್ತೆ. ರೋಲರ್ ಇರುವ ರ‍್ಯಾಕುಗಳನ್ನು ತೊಳೆಯಲು ಎತ್ತುವಾಗ ನಡುವೆ ಅಡ್ಡ ತಟ್ಟೆ ಇಡಲೇಬೇಕು.

ಹಾಗಾಗಿ ಈಗ ನಾನು ದಿನಾ ನಡೆಸುವುದಿಲ್ಲ. ಗೆಳೆಯರೆಲ್ಲ ರೋಲ್‌ಗಳನ್ನು ಫ್ರಿಜ್ಜಿನಲ್ಲಿಟ್ಟು ಕೂಡಿಸುತ್ತಾರೆ. ಅರವತ್ತು ಎಪ್ಪತ್ತು ಸೇರಿದಾಗ ಒಂದು ಶನಿವಾರ ಭಾನುವಾರ ಕೂತು ಎಲ್ಲಾ ತೊಳೆಯುತ್ತೇವೆ. ಮುಗಿದ ಕೂಡಲೇ ಡೆವಲಪರನ್ನು ಬಾಟಲಿಗಳಿಗೆ ಕತ್ತಿನವರೆಗೂ ತುಂಬಿ, ಗಾಳಿ ಉಳಿಯದ ಹಾಗೆ ಮುಚ್ಚಳ ಬಿಗಿಯುತ್ತೇನೆ. ಇನ್ನೊಂದು ಸರದಿಗೆ ಅದು ಬರುತ್ತೆ, ಅದಕ್ಕಿಂತ ಜಾಸ್ತಿ ನಂಬುವುದಿಲ್ಲ. ತಿಂಗಳಿಗೆ ಎರಡು ರೋಲ್ ತೆಗೆಯುವವರಿಗೆ ನಾನು ಮಿನಿಲ್ಯಾಬ್ ಬೇಡ ಅಂತಲೇ ಹೇಳುತ್ತೇನೆ. ಕೈಯಲ್ಲಿ ಹಿಡಿಯುವ ಡೆವಲಪಿಂಗ್ ಟ್ಯಾಂಕ್, ಒಂದು ಒಳ್ಳೆ ಥರ್ಮಾಮೀಟರ್, ಬಿಸಿನೀರಿನ ಟಬ್ ಇದ್ದರೆ ಅವರ ಕೆಲಸ ಚೆನ್ನಾಗೇ ಆಗುತ್ತೆ.

ಕೊಳ್ಳಲೇಬೇಕು ಅನ್ನುವವರು ಮೊದಲು ಟ್ಯಾಂಕಿನ ಮುಚ್ಚಳ ಎತ್ತಿ ನೋಡಿ. ರಾಸಾಯನಿಕ ಹಾಗೇ ಬಿಟ್ಟು ಅಂಗಡಿ ಮುಚ್ಚಿದ್ದರೆ ಒಳಗೆ ಉಪ್ಪು ಹರಳುಗಟ್ಟಿರುತ್ತೆ. ರೋಲರ್ ಹಿಡಿದಿರುತ್ತೆ, ಪ್ಲಾಸ್ಟಿಕ್ ಹಲ್ಲುಚಕ್ರ ಸೀಳಿರುತ್ತೆ. ಅದನ್ನು ಬಿಟ್ಟುಬಿಡಿ. ನನಗೆ ಸಿಕ್ಕಿದ್ದನ್ನು ಆಪರೇಟರ್ ಕೊನೇ ದಿನವೇ ಖಾಲಿ ಮಾಡಿ, ನೀರು ಹಾಯಿಸಿ, ಒರೆಸಿ ಇಟ್ಟಿದ್ದರು. ಲೀಡರ್ ಕಾರ್ಡುಗಳನ್ನು ಮರೆಯದೆ ಕೇಳಿ. ಫಿಲಂ ತುದಿಯನ್ನು ಈ ಪ್ಲಾಸ್ಟಿಕ್ ಹಾಳೆಗೆ ಟೇಪಿನಿಂದ ಅಂಟಿಸಿದರೆ, ಅದು ಫಿಲಂ ಎಳೆದುಕೊಂಡು ಎಲ್ಲಾ ಟ್ಯಾಂಕು ದಾಟುತ್ತೆ. ಅದಿಲ್ಲದಿದ್ದರೆ ಯಂತ್ರ ಇದ್ದೂ ಇಲ್ಲದ ಹಾಗೆ. ಸರ್ವಿಸ್ ಪುಸ್ತಕ ಸಿಕ್ಕರೆ ಅದೃಷ್ಟ.

ಮನೆಗೆ ತಂದ ಮೇಲೆ ಎರಡು ದಿನ ಬರೀ ನೀರಿನಲ್ಲಿ ಓಡಿಸಿ. ರೆಪ್ಲೆನಿಶರ್ ಪಂಪುಗಳ ಬಾಯಿಗೆ ಅಳತೆ ಗ್ಲಾಸು ಹಿಡಿದು ನೋಡಿ. ನನ್ನದರಲ್ಲಿ 20 ಮಿಲಿಲೀಟರ್ ಅಂತ ಹೊಂದಿಸಿದ್ದ ಪಂಪ್ 14 ಬಿಡುತ್ತಿತ್ತು. ಬಿಚ್ಚಿದರೆ ವಾಲ್ವಿನಲ್ಲಿ ಸಾಸಿವೆಯಷ್ಟು ಒಣಗಿದ ಉಪ್ಪು. ಬಿಸಿನೀರಿನಲ್ಲಿ ನೆನೆಸಿದ್ದಕ್ಕೇ ಸರಿಹೋಯಿತು.

ಪ್ರಿಂಟ್ ಹಾಕುವ ದೊಡ್ಡ ಯಂತ್ರವನ್ನು ಬಿಟ್ಟದ್ದಕ್ಕೆ ಕಾರಣ ಲೇಸರ್. ಕೆಂಪು, ಹಸಿರು, ನೀಲಿ ಲೇಸರ್‌ಗಳಲ್ಲಿ ಒಂದು ಹೋದರೂ ಅದರ ಖರ್ಚು ಯಂತ್ರದ ಬೆಲೆಯನ್ನೇ ಮೀರಬಹುದು. ಮೇಲಾಗಿ ಕಾಗದಕ್ಕೆ ಇನ್ನೊಂದು ಸಾಲು ಟ್ಯಾಂಕು, ಅವುಗಳಿಗೆ ಬೇರೆ ಮೇವು. ಆದರೆ ಅದೇ ಕಾಲದ ಲ್ಯಾಬ್ ಸ್ಕ್ಯಾನರ್ ಸಿಕ್ಕರೆ ಬಿಡಬೇಡಿ. ಫ್ಯೂಜಿಯ ಎಸ್‌ಪಿ-3000, ನೊರಿತ್ಸುವಿನ ಎಚ್‌ಎಸ್-1800 ಇವಕ್ಕೆ ಫಿಲಂ ಪ್ರಿಯರಲ್ಲಿ ಇವತ್ತೂ ಒಳ್ಳೆ ಬೇಡಿಕೆ ಇದೆ.

ನಮ್ಮ ಕಡೆ ಇನ್ನೆರಡು ತೊಂದರೆಗಳಿವೆ. ಒಂದು, ಬೋರ್‌ವೆಲ್ಲಿನ ಗಡಸು ನೀರು. ಅದರ ಸುಣ್ಣ ನೆಗೆಟಿವ್ ಮೇಲೆ ಬಿಳಿ ಚುಕ್ಕೆಯಾಗಿ ಕೂರುತ್ತೆ. ಕೊನೆಯ ಟ್ಯಾಂಕಿಗೂ, ಬಿಸಿಗೆ ಆವಿಯಾದ ನೀರು ತುಂಬುವುದಕ್ಕೂ ಡಿಸ್ಟಿಲ್ಡ್ ನೀರನ್ನೇ ಬಳಸುತ್ತೇನೆ. ಇನ್ನೊಂದು ಕರೆಂಟು. ಒಂದು ಭಾನುವಾರ ಮಧ್ಯಾಹ್ನ ಗೆಳೆಯನೊಬ್ಬನ ರೋಲ್ ಡೆವಲಪರಿನಲ್ಲಿ ಇದ್ದಾಗಲೇ ಕರೆಂಟ್ ಹೋಯಿತು. ಯಂತ್ರದ ಪಕ್ಕದಲ್ಲಿ ಕೈಯಿಂದ ತಿರುಗಿಸುವ ಹಿಡಿ ಇದೆ. ಅದನ್ನು ಹುಡುಕಿ ಸಿಕ್ಕಿಸುವಷ್ಟರಲ್ಲಿ ಐದು ನಿಮಿಷ ಕಳೆದಿತ್ತು. ಮೂರೂ ಕಾಲು ನಿಮಿಷ ಇರಬೇಕಾದ ಫಿಲಂ ಎಂಟು ನಿಮಿಷ ಇತ್ತು. ಅವನ ಮಗಳ ಮೊದಲ ಶಾಲಾ ದಿನದ ಫೋಟೋಗಳು ಅದರಲ್ಲಿದ್ದವು. ನೆಗೆಟಿವ್ ಗಟ್ಟಿ ಕಪ್ಪಾಗಿ ಬಂತು. ಸ್ಕ್ಯಾನ್ ಮಾಡಿದಾಗ ಮುಖ ಕಂಡಿತು, ಬಿಳಿ ಅಂಗಿಯ ಮಡಿಕೆಗಳು ಕಾಣಲಿಲ್ಲ. ಮಾರನೇ ದಿನವೇ ಯುಪಿಎಸ್ ತಂದೆ. ಹಿಡಿಯನ್ನು ಈಗ ದಾರ ಕಟ್ಟಿ ಯಂತ್ರಕ್ಕೇ ನೇತುಹಾಕಿದ್ದೇನೆ.

ಕೊನೆಗೆ ಹೊರಗೆ ಹರಿದು ಬರುವ ನೀರು. ಇದನ್ನು ಮೋರಿಗೆ, ಇಂಗುಗುಂಡಿಗೆ, ಗಿಡದ ಬುಡಕ್ಕೆ ಖಂಡಿತ ಬಿಡಬಾರದು. ಡೆವಲಪರ್ ಚರ್ಮಕ್ಕೆ ಅಲರ್ಜಿ ತರುತ್ತೆ, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಫಿಕ್ಸರಿನಲ್ಲಿ ಕರಗಿದ ಬೆಳ್ಳಿ ನೀರಿನ ಜೀವಿಗಳಿಗೆ ಅಪಾಯ. ಎಲ್ಲವನ್ನೂ ಬೇರೆ ಬೇರೆ ಕ್ಯಾನಿನಲ್ಲಿ ಕೂಡಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೆ ಒಪ್ಪಿಸಬೇಕು. ಮನೆಯಲ್ಲಿ ಸಣ್ಣ ಪ್ರಮಾಣದ ಕೆಲಸ ಅಂತ ಇದರಲ್ಲಿ ರಿಯಾಯಿತಿ ತೆಗೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಒಪ್ಪಿಸುವ ಮೊದಲು ಫಿಕ್ಸರನ್ನು ಒಂದು ಬಕೆಟ್ಟಿನಲ್ಲಿ ಸ್ಟೀಲ್ ವೂಲ್ ಮೇಲೆ ನಿಧಾನವಾಗಿ ಹಾಯಿಸುತ್ತೇನೆ. ಕಬ್ಬಿಣ ಬೆಳ್ಳಿಗಿಂತ ಚುರುಕು. ತಾನು ಕರಗಿ ದ್ರಾವಣಕ್ಕೆ ಇಳಿಯುತ್ತೆ, ಬೆಳ್ಳಿಯನ್ನು ಹೊರಗೆ ತಳ್ಳುತ್ತೆ. ಮೊದಲ ವರ್ಷದ ಕೊನೆಗೆ ಬಕೆಟ್ ಬಗ್ಗಿಸಿದಾಗ ತಳದಲ್ಲಿ ಕಪ್ಪು ಬೂದು ಬಣ್ಣದ ಕೆಸರು ನಿಂತಿತ್ತು. ಬೆರಳ ತುದಿಯಷ್ಟು ತೆಗೆದು ಒಣಗಿಸಿ ಚಮಚದ ಹಿಂಬದಿಯಿಂದ ಉಜ್ಜಿದೆ. ಒಂದು ಗೀರು ಬೆಳ್ಳಗೆ ಹೊಳೆಯಿತು. ಆ ವರ್ಷ ನಾವು ತೊಳೆದ ನಾನೂರು ಚಿಲ್ಲರೆ ರೋಲುಗಳಲ್ಲಿ ಬೆಳಕು ಹಿಡಿದಿದ್ದ ಬೆಳ್ಳಿ ಅದು.