ಲೈವ್ ಅಂದರೆ ಎಷ್ಟು ಲೈವ್? ಬುಡೋಕಾನ್‌ನಲ್ಲಿ ಡೀಪ್ ಪರ್ಪಲ್, 1972 ಮತ್ತು 2014

ಹಳೇ ಹಾರ್ಡ್ ರಾಕ್ ತಂಡವೊಂದು ಹೊಸ ಲೈವ್ ಆಲ್ಬಂ ಬಿಟ್ಟರೆ ಸಾಕು, ಕೇಳುಗರಲ್ಲಿ ಎರಡು ಮಾತು ಏಳುತ್ತವೆ. ಗಾಯಕನ ಗಂಟಲು ಹೋಗಿದೆ ಅನ್ನುವುದು ಒಂದು. ಗಂಟಲು ಚೆನ್ನಾಗಿ ಕೇಳಿಸಿಬಿಟ್ಟರೆ, ಸ್ಟುಡಿಯೋದಲ್ಲಿ ಕೂತು ತೇಪೆ ಹಾಕಿದ್ದಾರೆ ಅನ್ನುವುದು ಇನ್ನೊಂದು. ಪಾಪ, ಏನು ಮಾಡಿದರೂ ತಪ್ಪೇ.

ಈ ಅನುಮಾನಕ್ಕೆ ಅರ್ಧ ಶತಮಾನದ ವಯಸ್ಸಾಗಿದೆ. ಅದು ಎಲ್ಲಿಂದ ಬಂತು ಅಂತ ನೋಡಲು ಡೀಪ್ ಪರ್ಪಲ್ ಒಳ್ಳೆಯ ಉದಾಹರಣೆ. ಟೋಕಿಯೋದ ಬುಡೋಕಾನ್ ಸಭಾಂಗಣದಲ್ಲಿ ಈ ಇಂಗ್ಲಿಷ್ ತಂಡ 1972ರಲ್ಲೂ ರೆಕಾರ್ಡ್ ಮಾಡಿತು, 2014ರಲ್ಲೂ ಮಾಡಿತು. ಗಾಯಕ ಇಯಾನ್ ಗಿಲ್ಲನ್, ಬಾಸ್ ನುಡಿಸುವ ರೋಜರ್ ಗ್ಲೋವರ್, ಡ್ರಮ್ಮರ್ ಇಯಾನ್ ಪೇಸ್ ಎರಡೂ ಸಲ ವೇದಿಕೆ ಮೇಲಿದ್ದರು.

ಮೊದಲು ಲೈವ್ ರೆಕಾರ್ಡ್‌ಗೆ ಅಂಥ ಮರ್ಯಾದೆ ಇರಲಿಲ್ಲ. ಅದನ್ನು ಬದಲಿಸಿದ್ದರಲ್ಲಿ ಕಳ್ಳ ರೆಕಾರ್ಡ್‌ಗಳ ಪಾಲು ದೊಡ್ಡದು. 1969ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಅಮೆರಿಕ ಪ್ರವಾಸದ ಕಛೇರಿಯನ್ನು ಯಾರೋ ಕದ್ದು ರೆಕಾರ್ಡ್ ಮಾಡಿ ಮಾರಿದರು. ಮರುವರ್ಷ ತಂಡವೇ ಅಧಿಕೃತ ಲೈವ್ ಆಲ್ಬಂ ತಂದಿತು. ಅದೇ 1970ರಲ್ಲಿ ದಿ ಹೂ ತಂಡ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ನುಡಿಸಿದ್ದನ್ನು ಹೊರತಂದಾಗ, ಕವರನ್ನು ಬೇಕಂತಲೇ ಕಳ್ಳಮಾಲಿನ ಹಾಗೆ ಮಾಡಿತು. ಸಾದಾ ಕಂದು ಬಣ್ಣ, ರಬ್ಬರ್ ಸ್ಟಾಂಪ್ ಒತ್ತಿದಂಥ ಅಕ್ಷರ. ರೆಕಾರ್ಡಿನ ಲೇಬಲ್ ಮೇಲೆ ಇನ್ನೂ ಮಜಾ: ಚಟಪಟ ಸದ್ದು ಬಂದರೆ ಪರವಾಗಿಲ್ಲ, ಸರಿ ಮಾಡಲು ಹೋಗಬೇಡಿ ಅಂತ ಬರೆದಿತ್ತು. ಒರಟಾಗಿದ್ದರೆ ಅದು ನಿಜ ಅನ್ನುವ ಭಾವನೆ ಆಗಲೇ ಹುಟ್ಟಿಕೊಂಡಿತ್ತು.

ಡೀಪ್ ಪರ್ಪಲ್‌ಗೆ ಲೈವ್ ಆಲ್ಬಂ ಮಾಡುವ ಆಸೆ ಅಷ್ಟಾಗಿ ಇರಲಿಲ್ಲ. ಕೇಳಿದ್ದು ಜಪಾನಿನ ರೆಕಾರ್ಡ್ ಕಂಪನಿ, ಅದೂ ಜಪಾನ್ ಮಾರುಕಟ್ಟೆಗೆ ಮಾತ್ರ. ತಂಡ ಷರತ್ತು ಹಾಕಿತು: ರೆಕಾರ್ಡ್ ಮಾಡುವವನು ನಮ್ಮ ಎಂಜಿನಿಯರ್ ಮಾರ್ಟಿನ್ ಬರ್ಚ್, ಟೇಪ್ ಕೇಳಿ ಒಪ್ಪಿದ ಮೇಲಷ್ಟೇ ಬಿಡುಗಡೆ. 1972ರ ಆಗಸ್ಟ್ 15 ಮತ್ತು 16ರಂದು ಒಸಾಕಾದಲ್ಲಿ, 17ರಂದು ಬುಡೋಕಾನ್‌ನಲ್ಲಿ ಎಂಟು ಟ್ರ್ಯಾಕಿನ, ಅಂದರೆ ಎಂಟು ಸದ್ದುಗಳನ್ನು ಬೇರೆಬೇರೆಯಾಗಿ ಹಿಡಿಯುವ, ಟೇಪ್ ಯಂತ್ರ ಓಡಿತು. ಅದರಿಂದ ಬಂದದ್ದೇ 'ಮೇಡ್ ಇನ್ ಜಪಾನ್'. ಎರಡು ಎಲ್‌ಪಿ, ಏಳೇ ಹಾಡು. ಸ್ಟುಡಿಯೋದಲ್ಲಿ ನಾಲ್ಕೂವರೆ ನಿಮಿಷವಿದ್ದ 'ಸ್ಪೇಸ್ ಟ್ರಕಿನ್' ಇಲ್ಲಿ ಸುಮಾರು 20 ನಿಮಿಷ ಹಿಗ್ಗಿ ಒಂದು ಇಡೀ ಬದಿಯನ್ನು ನುಂಗಿತು. 'ಸ್ಮೋಕ್ ಆನ್ ದಿ ವಾಟರ್' ಆಗ ಇನ್ನೂ ಎಳೇ ಹಾಡು. ಅದಿದ್ದ ಸ್ಟುಡಿಯೋ ಆಲ್ಬಂ ಬಂದು ಐದು ತಿಂಗಳಾಗಿತ್ತಷ್ಟೇ.

ಗಿಲ್ಲನ್‌ಗೆ ಆ ರಾತ್ರಿಗಳ ತನ್ನ ಹಾಡು ತೃಪ್ತಿ ಕೊಡಲಿಲ್ಲ. ಮಿಕ್ಸಿಂಗ್ ಮಾಡಿದ್ದು ಗ್ಲೋವರ್ ಮತ್ತು ಪೇಸ್. ಆದರೂ ಯಾರೂ ಏನನ್ನೂ ಮತ್ತೆ ಹಾಡಿ ಸೇರಿಸಲಿಲ್ಲ. ಜಪಾನಿಗೆ ಅಂತ ಮಾಡಿದ್ದು ಆಮೇಲೆ ಬ್ರಿಟನ್, ಅಮೆರಿಕ ಎಲ್ಲ ಕಡೆ ಬಂತು, ಲೈವ್ ಆಲ್ಬಂ ಅಂದರೆ ಇದು ಅನ್ನುವ ಅಳತೆಗೋಲಾಯಿತು.

ಇದು ಬರೀ ಪ್ರಾಮಾಣಿಕತೆಯ ಕಥೆ ಅಂದುಕೊಳ್ಳಬೇಡಿ. ವೇದಿಕೆ ಮೇಲೆ ಗಾಯಕನ ಮೈಕ್ ಗಾಯಕನನ್ನು ಮಾತ್ರ ಕೇಳಿಸಿಕೊಳ್ಳುವುದಿಲ್ಲ. ಹಿಂದಿರುವ ಡ್ರಮ್ಸ್, ಪಕ್ಕದ ಮಾರ್ಷಲ್ ಆಂಪ್ಲಿಫೈಯರ್, ಎದುರಿನ ಜನ, ಎಲ್ಲವೂ ಅದರೊಳಗೆ ಸೋರುತ್ತವೆ. ಈಗ ಒಂದು ಸಾಲು ಬೇಸುರ ಆಯಿತು, ಮತ್ತೆ ಹಾಡಿಸಿ ಅಂಟಿಸೋಣ ಅಂದುಕೊಳ್ಳಿ. ಆ ಸಾಲನ್ನು ಅಳಿಸಿದರೆ ಅದರ ಜೊತೆ ಸೋರಿಬಂದ ಡ್ರಮ್ಸ್ ಸದ್ದೂ ಅಳಿಸಿಹೋಗುತ್ತದೆ. ಆ ಜಾಗದಲ್ಲಿ ಡ್ರಮ್ಸ್‌ನ ಬಣ್ಣವೇ ಬದಲಾಗುತ್ತದೆ. ಇತ್ತ ಹಳೇ ಸಾಲು ಡ್ರಮ್ಸ್‌ನ ಮೈಕಿನೊಳಗೆ ಮೆತ್ತಗೆ ಹಾಗೇ ಉಳಿದಿರುತ್ತದೆ, ಹೊಸ ದನಿಯ ಹಿಂದೆ ಭೂತದ ಹಾಗೆ. ಕಿವಿ ಚುರುಕಿರುವವರು ತೇಪೆಯನ್ನು ಹಿಡಿಯುವುದು ಇಂಥ ಕಡೆಗಳಲ್ಲೇ.

ಇನ್ನೊಂದು ಮಾತು. ಏಳು ಹಾಡುಗಳಲ್ಲಿ ನಾಲ್ಕು 16ರ ರಾತ್ರಿಯವು, ಒಂದು 15ರದ್ದು, ಎರಡು ಟೋಕಿಯೋದವು. ಮೂರು ರಾತ್ರಿಯ ಒಳ್ಳೆಯದನ್ನೆಲ್ಲ ಆರಿಸಿ ಒಂದೇ ಕಛೇರಿಯ ಹಾಗೆ ಜೋಡಿಸಿದ್ದೂ ಒಂದು ಕೈಚಳಕವೇ ಅಲ್ವಾ? ಆದರೆ ಅದನ್ನು ಪರೀಕ್ಷೆ ಮಾಡುವ ಅವಕಾಶ ನಮಗಿದೆ. 1993ರಲ್ಲಿ ಮೂರು ಸಿಡಿಗಳಲ್ಲಿ ಆ ರಾತ್ರಿಗಳ ಬಹುಪಾಲು ಹೊರಬಂತು, 2014ರಲ್ಲಿ ಪೂರ್ತಿಯಾಗಿಯೇ ಬಂತು. ಕೇಳಿದವರಿಗೆ ಗೊತ್ತು, ಬಿಟ್ಟಿದ್ದ ರಾತ್ರಿಗಳೂ ಕಳಪೆಯಲ್ಲ.

ನಂಬಿಕೆ ಕೆಟ್ಟದ್ದು ಆಮೇಲೆ. ಕಿಸ್ ತಂಡದ ಮೊದಲ ಮೂರು ಆಲ್ಬಂಗಳು ಅಂಥ ಮಾರಾಟ ಕಾಣಲಿಲ್ಲ. 1975ರ ಲೈವ್ ಆಲ್ಬಂ ಅವರನ್ನು ದಡ ಸೇರಿಸಿತು. ಅದರಲ್ಲಿ ಸ್ಟುಡಿಯೋ ಕೆಲಸ ಸಾಕಷ್ಟಿತ್ತು ಅಂತ ಆಮೇಲೆ ಸಂಬಂಧಪಟ್ಟವರೇ ಒಪ್ಪಿಕೊಂಡರು. ಥಿನ್ ಲಿಜ್ಜಿಯ 1978ರ 'ಲೈವ್ ಅಂಡ್ ಡೇಂಜರಸ್' ಬಗ್ಗೆ ಜಗಳ ಇವತ್ತಿಗೂ ಮುಗಿದಿಲ್ಲ. ನಿರ್ಮಾಪಕ ಟೋನಿ ವಿಸ್ಕಾಂಟಿ ಬಹುಪಾಲು ಸ್ಟುಡಿಯೋದಲ್ಲಿ ಮತ್ತೆ ಮಾಡಿದ್ದು ಅಂದರೆ, ತಂಡದ ಕಡೆಯವರು ಬಹುಪಾಲು ವೇದಿಕೆಯದ್ದೇ ಅನ್ನುತ್ತಾರೆ. ಜುಡಾಸ್ ಪ್ರೀಸ್ಟ್ 1979ರಲ್ಲಿ ಟೋಕಿಯೋದಲ್ಲಿ ಮಾಡಿದ 'ಅನ್‌ಲೀಶ್ಡ್ ಇನ್ ದಿ ಈಸ್ಟ್' ರೆಕಾರ್ಡ್‌ಗೆ ಅಭಿಮಾನಿಗಳೇ 'ಅನ್‌ಲೀಶ್ಡ್ ಇನ್ ದಿ ಸ್ಟುಡಿಯೋ' ಅಂತ ಅಡ್ಡಹೆಸರಿಟ್ಟರು. ತನ್ನ ಹಾಡಿಕೆಯನ್ನು ಮತ್ತೆ ರೆಕಾರ್ಡ್ ಮಾಡಿದ್ದಾಗಿ ಗಾಯಕ ರಾಬ್ ಹ್ಯಾಲ್ಫರ್ಡ್ ಮುಂದೆ ಹೇಳಿದ. ಹಾಗಂತ ಇವೇನೂ ಕೆಟ್ಟ ರೆಕಾರ್ಡ್‌ಗಳಲ್ಲ. ಥಿನ್ ಲಿಜ್ಜಿಯದ್ದನ್ನಂತೂ ನಾನು ಯಾರ ಜೊತೆಗೂ ವಾದಕ್ಕಿಳಿಯದೆ ಸುಮ್ನೆ ಕೇಳುತ್ತೇನೆ.

ಈಗ ಕಂಪ್ಯೂಟರ್ ಇದೆ. ಒಂದೊಂದು ಡ್ರಮ್ಮಿಗೂ ಬೇರೆ ಮೈಕ್, ಬೇರೆ ಟ್ರ್ಯಾಕ್. ಜಾರಿದ ಸ್ವರವನ್ನು ಮತ್ತೆ ಹಾಡಿಸದೆಯೇ ಎತ್ತಿ ಕೂರಿಸಬಹುದು. ವೇದಿಕೆಯಲ್ಲೇ ಮೊದಲೇ ಮಾಡಿಟ್ಟ ಟ್ರ್ಯಾಕ್ ಓಡಿಸುವ ತಂಡಗಳೂ ಇವೆ. ಹಾಗಾಗಿ ತೇಪೆಯನ್ನು ಕಿವಿಯಿಂದ ಹಿಡಿಯುವ ಆಟ ಹೆಚ್ಚುಕಡಿಮೆ ಮುಗಿದಿದೆ. ಹಳೇ ತಂಡವನ್ನು ಅಳೆಯಬೇಕಾದರೆ ನೋಡಬೇಕಾದ್ದು ಬೇರೆ: ವಯಸ್ಸನ್ನು ಅವರು ಮುಚ್ಚಿಟ್ಟಿದ್ದಾರೋ, ಅದಕ್ಕೆ ತಕ್ಕಂತೆ ಹಾಡನ್ನು ಬದಲಿಸಿಕೊಂಡಿದ್ದಾರೋ.

ಕರ್ನಾಟಕ ಸಂಗೀತದ ಕೇಳುಗರಿಗೆ ಇದು ಹೊಸದಲ್ಲ. ವಿದ್ವಾಂಸರಿಗೆ ವಯಸ್ಸಾದಂತೆ ಶ್ರುತಿ ಇಳಿಯುತ್ತದೆ. ಯಾರೂ ಅದನ್ನು ಮೋಸ ಅನ್ನುವುದಿಲ್ಲ. ಇಳಿದ ಶ್ರುತಿಯಲ್ಲೇ ರಾಗ ಹೇಗೆ ಬಂತು ಅಂತ ಕೇಳುತ್ತೇವೆ. ರಾಕ್ ಕೇಳುಗರು ಮಾತ್ರ 26ರ ಹುಡುಗನ ಕಿರುಚಾಟವನ್ನೇ 68ರವನಿಂದಲೂ ಬಯಸುತ್ತಾರೆ.

ಗಿಲ್ಲನ್‌ನ ಹೆಸರಾದ ಕಿರುಚಾಟವಿರುವುದು 'ಚೈಲ್ಡ್ ಇನ್ ಟೈಮ್'ನಲ್ಲಿ. 2000ದ ದಶಕದ ಆರಂಭದಲ್ಲೇ ತಂಡ ಆ ಹಾಡನ್ನು ಕೈಬಿಟ್ಟಿತು. ಬೆಂಗಳೂರಿನವರಿಗೆ ಈ ತಂಡ ಸಿಕ್ಕಿದ್ದೂ ಆ ಹೊತ್ತಿನಲ್ಲೇ, 2001ರಲ್ಲಿ, ಅರಮನೆ ಮೈದಾನದಲ್ಲಿ.

2014ರ ಏಪ್ರಿಲ್ 12ರ ಬುಡೋಕಾನ್ ಕಛೇರಿ ಮರುವರ್ಷ ಬಿಡುಗಡೆಯಾಯಿತು. ರಿಚಿ ಬ್ಲ್ಯಾಕ್‌ಮೋರ್ ಜಾಗದಲ್ಲಿ ಗಿಟಾರಿಗೆ ಸ್ಟೀವ್ ಮೋರ್ಸ್, ಆರ್ಗನ್‌ಗೆ ಡಾನ್ ಏರಿ. 1972ರಲ್ಲಿ ಆರ್ಗನ್ ನುಡಿಸಿದ್ದ ಜಾನ್ ಲಾರ್ಡ್ 2012ರ ಜುಲೈನಲ್ಲಿ ತೀರಿಕೊಂಡಿದ್ದರು. ಅವರ ನೆನಪಿಗೆ ಅರ್ಪಿಸಿದ 2013ರ ಆಲ್ಬಂನ ಹಾಡುಗಳು ಇಲ್ಲಿ ಜಾಸ್ತಿ ಇವೆ. ನನಗೆ ಹಿಡಿಸಿದ್ದೂ ಅವೇ. ಗಿಲ್ಲನ್ ಅವನ್ನು ಈಗಿನ ಗಂಟಲಿಗೆ ಅಳತೆ ಕೊಟ್ಟು ಹೊಲಿಸಿಕೊಂಡಿದ್ದಾನೆ, ಹಾಡುವಾಗ ಎಲ್ಲೂ ಬಿಗಿಯಾಗುವುದಿಲ್ಲ. 'ಸ್ಪೇಸ್ ಟ್ರಕಿನ್' ಮತ್ತೆ ನಾಲ್ಕೈದು ನಿಮಿಷದ ಹಾಡಾಗಿದೆ. ಮೇಲಿನ ಸ್ಥಾಯಿಗೆ ಹೋಗುವ ಹಳೇ ಸಾಲುಗಳಲ್ಲಿ ದನಿ ತೆಳ್ಳಗಾಗುವುದು ಗೊತ್ತಾಗುತ್ತದೆ. ಅದನ್ನು ಹಾಗೇ ಬಿಟ್ಟಿದ್ದಾರೆ. ಒಂದೇ ದೂರು: ಎಲ್ಲವೂ ಸ್ವಲ್ಪ ಜಾಸ್ತಿಯೇ ಶುಚಿಯಾಗಿದೆ. 1972ರಲ್ಲಿ ಲಾರ್ಡ್ ಹ್ಯಾಮಂಡ್ ಆರ್ಗನ್ ಅನ್ನು ಗಿಟಾರಿನ ಆಂಪ್ಲಿಫೈಯರಿಗೆ ಸಿಕ್ಕಿಸಿ ಗುರುಗುಟ್ಟಿಸುತ್ತಿದ್ದ ಆ ಒರಟುತನ ಇಲ್ಲಿಲ್ಲ.

ನೀವೇ ತೂಗಿ ನೋಡುವುದಾದರೆ 'ದಿ ಮ್ಯೂಲ್' ಮತ್ತು 'ಲೇಜಿ' ಹಾಕಿಕೊಳ್ಳಿ. 'ಮೇಡ್ ಇನ್ ಜಪಾನ್'ನಲ್ಲಿ ಟೋಕಿಯೋದ್ದು ಅಂತ ಇರುವುದು ಆ ಎರಡೇ ಹಾಡು, 2014ರ ಕಛೇರಿಯಲ್ಲೂ ಎರಡೂ ಇವೆ. ಮೊದಲನೆಯದು ಡ್ರಮ್ಮರ್‌ನ ಹಾಡು. ಪೇಸ್‌ಗೆ ಅಲ್ಲಿ 24, ಇಲ್ಲಿ 65. ಅವನೊಬ್ಬನೇ ನುಡಿಸುವ ತನಿ ಈಗ ಚಿಕ್ಕದು, ಆದರೆ ಲಯ ಒಂದಿಷ್ಟೂ ಕುಂಟುವುದಿಲ್ಲ.