ಕಾಳುಮೆಣಸು, ಲ್ಯಾಪ್‌ಟಾಪ್ ಮತ್ತು ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ

ತುಳಸಿ, ಅರಿಶಿನ, ಬೇವಿನಲ್ಲಿ ಆ್ಯಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾಕ್ಕೆ ಮದ್ದು ಇದೆ, ಕಂಪ್ಯೂಟರ್ ಪತ್ತೆ ಹಚ್ಚಿದೆ. ಇಂಥ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಹಾಗಾದರೆ ಆ ಮದ್ದು ಅಂಗಡಿಗೆ ಯಾಕೆ ಬಂದಿಲ್ಲ? ಇದಕ್ಕೆ ಉತ್ತರ ಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

1928ರಲ್ಲಿ ಪೆನ್ಸಿಲಿನ್ ಕಂಡಿತು. 1945ರ ನೊಬೆಲ್ ಭಾಷಣದಲ್ಲೇ ಅದನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಎಚ್ಚರಿಸಿದರು: ಅರೆಬರೆ ಡೋಸ್ ಕೊಟ್ಟರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಔಷಧಿಗೆ ಒಗ್ಗಿಕೊಳ್ಳುತ್ತದೆ. 1959ರಲ್ಲಿ ಮೆಥಿಸಿಲಿನ್ ಎಂಬ ಇನ್ನೊಂದು ಆ್ಯಂಟಿಬಯಾಟಿಕ್ ಬಂತು, ಎರಡೇ ವರ್ಷದಲ್ಲಿ ಅದಕ್ಕೂ ಬಗ್ಗದ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ವರದಿಯಾಯಿತು. ಔಷಧಿಗೆ ಬಗ್ಗದ ಸೋಂಕುಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಎಂಬುದು ಒಂದು ಅಂದಾಜು.

ಬ್ಯಾಕ್ಟೀರಿಯಾ ತಪ್ಪಿಸಿಕೊಳ್ಳುವ ದಾರಿ ಹಲವು. ಅದರಲ್ಲೊಂದು ಪಂಪು. ಸ್ಟ್ಯಾಫಿಲೊಕಾಕಸ್ ಆರಿಯಸ್‌ನ ಗೋಡೆಯ ಒಳಗಿನ ಪೊರೆಯಲ್ಲಿ ನಾರ್‌ಎ ಎಂಬ ಪ್ರೋಟೀನ್ ಇದೆ. ಒಳಗೆ ಬಂದ ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ಕನ್ನು ಅದು ಎತ್ತಿ ಹೊರಗೆ ಹಾಕುತ್ತದೆ. ದೋಣಿಗೆ ನುಗ್ಗಿದ ನೀರನ್ನು ಮೊಗೆದು ಚೆಲ್ಲಿದ ಹಾಗೆ.

ಗಿಡಗಳ ಕಥೆ ನಿಜಕ್ಕೂ ಶುರುವಾಗುವುದು ಇಲ್ಲಿ. ಗಿಡದ ಒಂದೊಂದೇ ರಾಸಾಯನಿಕವನ್ನು ತೆಗೆದು ನೋಡಿದರೆ ಹೆಚ್ಚಿನವು ಬ್ಯಾಕ್ಟೀರಿಯಾ ಕೊಲ್ಲುವುದರಲ್ಲಿ ದುರ್ಬಲ. ಆದರೆ ಗಿಡ ಒಂದೇ ರಾಸಾಯನಿಕ ಹಿಡಿದು ಹೋರಾಡುವುದಿಲ್ಲ. ಬರ್ಬೆರಿಸ್ ಜಾತಿಯ ಗಿಡಗಳಲ್ಲಿ ಬ್ಯಾಕ್ಟೀರಿಯಾ ವಿರುದ್ಧದ ಬರ್ಬೆರಿನ್ ಎಂಬ ರಾಸಾಯನಿಕ ಇದೆ, ನಾರ್‌ಎ ಅದನ್ನೂ ಹೊರಗೆ ಹಾಕುತ್ತದೆ. ಅದೇ ಗಿಡ ಆ ಪಂಪನ್ನು ಕಟ್ಟಿಹಾಕುವ ಇನ್ನೊಂದು ಪದಾರ್ಥವನ್ನೂ ತಯಾರಿಸುತ್ತದೆ ಅಂತ 2000ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಎಷ್ಟು ಚಂದದ ಉಪಾಯ ಅಲ್ವಾ? (ನಮ್ಮ ಪಶ್ಚಿಮ ಘಟ್ಟದ ಮರದರಿಶಿನದಲ್ಲೂ ಬರ್ಬೆರಿನ್ ಇದೆ. ಕಿತ್ತು ಕಿತ್ತು ಆ ಬಳ್ಳಿಯೇ ಈಗ ಅಪರೂಪ.) 2006ರಲ್ಲಿ ಜಮ್ಮುವಿನ ಸಂಶೋಧಕರು ಕಾಳುಮೆಣಸಿನ ಪೈಪರಿನ್ ಬಗ್ಗೆ ಬರೆದರು. ಪ್ರಯೋಗಾಲಯದಲ್ಲಿ ಅದನ್ನು ಜೊತೆಗೆ ಸೇರಿಸಿದಾಗ ಸಿಪ್ರೊಫ್ಲಾಕ್ಸಾಸಿನ್ ಕಡಿಮೆ ಪ್ರಮಾಣದಲ್ಲೇ ಕೆಲಸ ಮಾಡಿತ್ತು. ಸರ್ಪಗಂಧದ ರೆಸರ್ಪಿನ್ ಕೂಡ ಈ ಪಂಪನ್ನು ತಡೆಯುತ್ತದೆ. ಆದರೆ ಅದಕ್ಕೆ ಬೇಕಾಗುವಷ್ಟು ಪ್ರಮಾಣವನ್ನು ಮನುಷ್ಯರಿಗೆ ಕೊಡುವ ಹಾಗಿಲ್ಲ.

ಸಾವಿರಾರು ಗಿಡಗಳಲ್ಲಿ ಇಂಥ ಜೊತೆಗಾರರನ್ನು ಹುಡುಕುವುದು ಹೇಗೆ? ಕಂಪ್ಯೂಟರ್ ಬಂದದ್ದು ಈ ಕೆಲಸಕ್ಕೆ. ಪಂಪಿನಂಥ ಪ್ರೋಟೀನಿನ ಆಕಾರ ಗೊತ್ತಿದ್ದರೆ ಗಿಡದ ಯಾವ ಅಣು ಅದರಲ್ಲಿ ಹೋಗಿ ಕೂರಬಹುದು ಅಂತ ಅದು ಲೆಕ್ಕ ಹಾಕುತ್ತದೆ. ಇದಕ್ಕೆ ಡಾಕಿಂಗ್ ಅಂತ ಹೆಸರು. ಪ್ರೋಟೀನ್‌ಗಳ ಆಕಾರ ಹೇಗಿರಬಹುದು, ಹೇಗಿರಲು ಸಾಧ್ಯವಿಲ್ಲ ಎಂಬ ಲೆಕ್ಕವನ್ನು 1963ರಲ್ಲಿ ಕೊಟ್ಟವರಲ್ಲಿ ಜಿ.ಎನ್. ರಾಮಚಂದ್ರನ್ ಮುಖ್ಯರು. ಮುಂದೆ ಬೆಂಗಳೂರಿನ ಐಐಎಸ್‌ಸಿಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟಿದವರೂ ಅವರೇ. 1982ರಲ್ಲಿ ಮೊದಲ ಡಾಕಿಂಗ್ ಪ್ರೋಗ್ರಾಂ ಬಂತು. 2010ರಲ್ಲಿ ಆಟೊಡಾಕ್ ವೀನಾ, ಅದೂ ಪುಕ್ಕಟೆ. ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆ (ಐಎಂಎಸ್‌ಸಿ) 2018ರಲ್ಲಿ ಭಾರತದ ಔಷಧಿ ಗಿಡಗಳ ರಾಸಾಯನಿಕಗಳನ್ನು ಇಂಪ್ಯಾಟ್ ಎಂಬ ಮಾಹಿತಿ ಕೋಶದಲ್ಲಿ ಜೋಡಿಸಿತು. ಅದರ ಎರಡನೇ ಆವೃತ್ತಿಯಲ್ಲಿ 4,010 ಗಿಡಗಳು, ಸುಮಾರು 18,000 ರಾಸಾಯನಿಕಗಳಿವೆ.

ಅಲ್ಲಿಂದ ಎಂಎಸ್ಸಿ ವಿದ್ಯಾರ್ಥಿಯ ಲ್ಯಾಪ್‌ಟಾಪೇ ಪ್ರಯೋಗಾಲಯ. ಪ್ರೋಟೀನಿನ ಆಕಾರದ ಫೈಲ್ ಇಳಿಸಿಕೊಳ್ಳಬೇಕು. ನೀರಿನ ಅಣುಗಳನ್ನು ತೆಗೆದು ಹೈಡ್ರೋಜನ್ ಸೇರಿಸಬೇಕು. ಔಷಧಿ ಕೂರಬಹುದಾದ ಗುಳಿಯ ಸುತ್ತ ಒಂದು ಚೌಕ ಹಾಕಿ ರನ್ ಒತ್ತಬೇಕು. ಸ್ವಲ್ಪ ಹೊತ್ತಿಗೆ ಮೈನಸ್ 8.5, ಮೈನಸ್ 9.1 ಅಂತ ಕಿಲೋಕ್ಯಾಲರಿ ಲೆಕ್ಕದ ಅಂಕ ಬರುತ್ತದೆ. ಮೈನಸ್ ಜಾಸ್ತಿ ಇದ್ದಷ್ಟೂ ಹಿಡಿತ ಗಟ್ಟಿ ಅಂತ ಲೆಕ್ಕ.

ಗೊಂದಲ ಶುರುವಾದದ್ದು ಈ ಅಂಕದಿಂದ. ಇಂಥ ಲೆಕ್ಕದಲ್ಲಿ ಎರಡು ಮೂರು ಕಿಲೋಕ್ಯಾಲರಿ ಆಚೀಚೆ ಆಗುವುದು ಮಾಮೂಲು. ಅಂದಮೇಲೆ 8.5ಕ್ಕೂ 9.1ಕ್ಕೂ ಇರುವ ವ್ಯತ್ಯಾಸಕ್ಕೆ ಹೆಚ್ಚು ಅರ್ಥವಿಲ್ಲ. ದೊಡ್ಡ ಅಣುಗಳಿಗೆ ಸುಮ್ನೆ ದೊಡ್ಡದು ಅನ್ನುವ ಕಾರಣಕ್ಕೇ ಒಳ್ಳೆಯ ಅಂಕ ಸಿಗುವುದುಂಟು. ಅರಿಶಿನದ ಕರ್ಕ್ಯುಮಿನ್ ಅಂಥವು ನಿಜವಾದ ಪರೀಕ್ಷೆಯಲ್ಲೂ ಮೋಸದ ಫಲಿತಾಂಶ ಕೊಡಬಲ್ಲವು. ಇನ್ನೊಂದು ವಿಷಯ: ನಾರ್‌ಎ ಪಂಪಿನ ನಿಜವಾದ ಆಕಾರ ಪ್ರಯೋಗದಿಂದ ಸಿಕ್ಕಿದ್ದು 2022ರಲ್ಲಿ. ಅದಕ್ಕೂ ಮೊದಲಿನ ಎಷ್ಟೋ ಡಾಕಿಂಗ್‌ಗಳು ಬೇರೆ ಪ್ರೋಟೀನಿನ ಅಚ್ಚು ನೋಡಿ ಕಟ್ಟಿದ ಅಂದಾಜಿನ ಆಕಾರದ ಮೇಲೆ ನಡೆದಿದ್ದವು.

ಹಾಗಂತ ಈ ಶ್ರಮ ದಂಡ ಅಲ್ಲ. 18,000 ಹೆಸರುಗಳನ್ನು ಇಪ್ಪತ್ತಕ್ಕೆ ಇಳಿಸುವುದು ಸಣ್ಣ ಕೆಲಸವೇನಲ್ಲ. ನನ್ನ ಸಂಕಟ ಬೇರೆ. ಎಷ್ಟೋ ಪ್ರಬಂಧಗಳು ಆ ಇಪ್ಪತ್ತರ ಹತ್ತಿರವೇ ನಿಂತುಬಿಡುತ್ತವೆ. "ಮುಂದೆ ಪ್ರಯೋಗ ಆಗಬೇಕು" ಎಂಬುದು ಕೊನೆಯ ಸಾಲು. ರೋಗ ತರುವ ಬ್ಯಾಕ್ಟೀರಿಯಾ ಬೆಳೆಸಲು ಸುರಕ್ಷಿತ ಲ್ಯಾಬ್ ಬೇಕು, ಶುದ್ಧ ರಾಸಾಯನಿಕ ಕೊಳ್ಳಲು ದುಡ್ಡು ಬೇಕು. ಸಣ್ಣ ಊರಿನ ಕಾಲೇಜಿಗೆ ಎರಡೂ ಸುಲಭವಲ್ಲ.

ಅವೆರಡೂ ಇದ್ದರೆ ಮೊದಲ ಪರೀಕ್ಷೆ ಒಂದು ರಾತ್ರಿಯದು. 96 ಗುಳಿಗಳ ಪ್ಲಾಸ್ಟಿಕ್ ತಟ್ಟೆ. ಒಂದು ದಿಕ್ಕಿಗೆ ಆ್ಯಂಟಿಬಯಾಟಿಕ್ ಕಡಿಮೆಯಾಗುತ್ತಾ ಹೋಗುತ್ತದೆ, ಇನ್ನೊಂದು ದಿಕ್ಕಿಗೆ ಗಿಡದ ಪದಾರ್ಥ. ಎಲ್ಲಕ್ಕೂ ಬ್ಯಾಕ್ಟೀರಿಯಾ ಹಾಕಿ ಇನ್‌ಕ್ಯುಬೇಟರಿನಲ್ಲಿ ಇಡುತ್ತಾರೆ. ಬೆಳಿಗ್ಗೆ ತೆಗೆದಾಗ ಬ್ಯಾಕ್ಟೀರಿಯಾ ಬೆಳೆದ ಕೆಲವು ಗುಳಿ ಕದಡಿರುತ್ತವೆ, ಬೆಳೆಯದ ಕೆಲವು ತಿಳಿಯಾಗಿರುತ್ತವೆ.