ಬಳ್ಳಾರಿಯಲ್ಲೂ ಅದಿರಿದೆ, ಇಲ್ಲೇಕೆ ಯುದ್ಧ ಆಗಲಿಲ್ಲ?

ಪ್ರಶ್ನೆ: ಆಫ್ರಿಕಾದಲ್ಲಿ ವಜ್ರ, ಚಿನ್ನ ಸಿಕ್ಕ ಕಡೆಯೆಲ್ಲ ಯುದ್ಧ ನಡೆಯುತ್ತದೆ. ನಮ್ಮ ಬಳ್ಳಾರಿಯಲ್ಲಿ ಅಷ್ಟೊಂದು ಅದಿರು, ಅಷ್ಟೊಂದು ದುಡ್ಡು ಓಡಾಡಿದರೂ ಹಾಗೇನೂ ಆಗಲಿಲ್ಲ. ಹಾಗಾದರೆ ಅಲ್ಲಿಯದು ಬುಡಕಟ್ಟು ಜಗಳ, ಖನಿಜ ಬರೀ ನೆಪ ಅಲ್ಲವೇ? (ಗಂಗಾವತಿಯ ಓದುಗರು)

ಉತ್ತರ: ಈ ಪ್ರಶ್ನೆಗೆ ನಾನು ಎಷ್ಟನೇ ಸಲ ಉತ್ತರ ಹೇಳುತ್ತಿದ್ದೇನೋ ಲೆಕ್ಕ ತಪ್ಪಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಪ್ರತಿ ವರ್ಷ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲೂ ಕೇಳುತ್ತಾರೆ. ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ: "ಅದು ಅವರ ರಕ್ತದಾಗ ಐತ್ರಿ ಸರ, ಗುಂಪು ಕಟ್ಟಿಕೊಂಡು ಬಡಿದಾಡತಾರ." ಈ ಮಾತು ತಪ್ಪು. ಎಷ್ಟು ತಪ್ಪು ಎಂದು ಈ ಸಲ ಬಿಡಿಸಿಯೇ ಹೇಳುತ್ತೇನೆ.

ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ನೋಡಿ. 1991ರ ಮಾರ್ಚ್‌ನಲ್ಲಿ ಆರ್‌ಯುಎಫ್ ಎಂಬ ಬಂಡುಕೋರ ಪಡೆ ಲೈಬೀರಿಯಾ ಗಡಿ ದಾಟಿ ಒಳಗೆ ಬಂತು. ಯುದ್ಧ 2002ರವರೆಗೆ ನಡೆಯಿತು. ಪಡೆಯ ನಾಯಕ ಫೋಡೆ ಸಾಂಕೋ ಹಿಂದೆ ಸೈನ್ಯದಲ್ಲಿ ಕಾರ್ಪೊರಲ್ ಆಗಿದ್ದವನು, ಟೆಮ್ನೆ ಸಮುದಾಯದವನು. ಅವನ ಪಡೆಯಲ್ಲಿ ಟೆಮ್ನೆಗಳೂ ಇದ್ದರು, ಅಲ್ಲಿನ ಇನ್ನೊಂದು ದೊಡ್ಡ ಸಮುದಾಯವಾದ ಮೆಂಡೆಗಳೂ ಇದ್ದರು. ಅವರ ಕೈಯಲ್ಲಿ ಸತ್ತವರಲ್ಲೂ ಎರಡೂ ಕಡೆಯವರಿದ್ದರು. ಆ ದೇಶದಲ್ಲಿ ಮುಸ್ಲಿಮರೂ ಕ್ರೈಸ್ತರೂ ಒಬ್ಬರ ಮನೆಗೊಬ್ಬರು ಹೆಣ್ಣು ಕೊಟ್ಟು ತಂದು ಬದುಕುತ್ತಾರೆ, ಆದ್ದರಿಂದ ಧರ್ಮದ ಹೆಸರಲ್ಲೂ ಅದನ್ನು ವಿವರಿಸಲಾಗದು. ಬಂದೂಕು ಹೊತ್ತವರಲ್ಲಿ ಸಾವಿರಾರು ಮಂದಿ ಹಳ್ಳಿಗಳಿಂದ ಎಳೆದೊಯ್ದ ಮಕ್ಕಳು. ಹತ್ತು ವರ್ಷದ ಹುಡುಗನಿಗೆ ಯಾವ ಬುಡಕಟ್ಟಿನ ಹಗೆ?

ಇನ್ನೂ ಒಂದು ಮಾತು. ಆ ಯುದ್ಧದಲ್ಲಿ 'ಸೊಬೆಲ್' ಎಂಬ ಪದವೇ ಹುಟ್ಟಿತು. ಸೋಲ್ಜರ್, ರೆಬೆಲ್ ಎರಡನ್ನೂ ಕೂಡಿಸಿ ಜನ ಕಟ್ಟಿದ ಪದ ಅದು: ಹಗಲು ಸರ್ಕಾರದ ಸೈನಿಕ, ರಾತ್ರಿ ಬಂಡುಕೋರ. ಕೊಂದುಕೊಳ್ಳಬೇಕಾದ ಎರಡು ಪಡೆಗಳು ವಜ್ರದ ಗುಂಡಿಯ ಹತ್ತಿರ ಬಂದಾಗ ಹೊಂದಿಕೊಂಡು ಹೋಗುತ್ತಿದ್ದವು. ರಕ್ತದಲ್ಲಿ ಬಂದ ದ್ವೇಷವಾಗಿದ್ದರೆ ಹೀಗಾಗುತ್ತಿರಲಿಲ್ಲ. 1999ರ ಜುಲೈನಲ್ಲಿ ಟೋಗೋ ದೇಶದ ಲೋಮೆಯಲ್ಲಿ ಶಾಂತಿ ಒಪ್ಪಂದವಾದಾಗ ಸಾಂಕೋಗೆ ಏನು ಸಿಕ್ಕಿತು ಗೊತ್ತೇ? ಉಪಾಧ್ಯಕ್ಷನ ಸ್ಥಾನಮಾನ, ಜೊತೆಗೆ ದೇಶದ ಖನಿಜ ಸಂಪತ್ತು ನೋಡಿಕೊಳ್ಳುವ ಆಯೋಗದ ಅಧ್ಯಕ್ಷಗಿರಿ. ಬುಡಕಟ್ಟಿನ ಬೇಡಿಕೆಯ ಪಟ್ಟಿಯಲ್ಲಿ ಗಣಿ ಇಲಾಖೆ ಇರುತ್ತದೆಯೇ?

ಜಗಳಕ್ಕೆ ಕಾರಣ ಸಾವಿರ ಇರಬಹುದು. ಕೆಟ್ಟ ಆಡಳಿತ, ಕೆಲಸವಿಲ್ಲದ ಯುವಕರು, ಲಂಚ ಎಲ್ಲ ಅಲ್ಲಿ ಇತ್ತು. ನಮ್ಮಲ್ಲೂ ಊರಿಗೊಂದು ಜಗಳವಿದೆ. ಅದನ್ನು ಹನ್ನೊಂದು ವರ್ಷ ನಡೆಸಬೇಕೆಂದರೆ ಮದ್ದುಗುಂಡು ಬೇಕು, ಅನ್ನ ಬೇಕು, ಡೀಸೆಲ್ ಬೇಕು. ಆರ್‌ಯುಎಫ್‌ಗೆ ವಜ್ರದಿಂದ ವರ್ಷಕ್ಕೆ 2.5 ಕೋಟಿಯಿಂದ 12.5 ಕೋಟಿ ಡಾಲರ್ ಬರುತ್ತಿತ್ತೆಂದು ವಿಶ್ವಸಂಸ್ಥೆಯ ತಜ್ಞರ ತಂಡ 2000ದಲ್ಲಿ ಅಂದಾಜು ಮಾಡಿತು.

ಇನ್ನು ಬಂದೂಕು. ಸಿಯೆರಾ ಲಿಯೋನ್‌ನ ಕೋನೋ ಜಿಲ್ಲೆಯ ಹೊಳೆದಂಡೆಯಲ್ಲಿ ವಜ್ರ ಸಿಗುತ್ತದೆ, ಕಲಾಶ್ನಿಕೋವ್ ಬೆಳೆಯುವುದಿಲ್ಲ. 1999ರ ಮಾರ್ಚ್‌ನಲ್ಲಿ ಉಕ್ರೇನಿನಿಂದ 68 ಟನ್ ಶಸ್ತ್ರಾಸ್ತ್ರ ಬುರ್ಕಿನಾ ಫಾಸೋದ ರಾಜಧಾನಿ ಔಗಡೂಗುವಿಗೆ ವಿಮಾನದಲ್ಲಿ ಬಂದಿಳಿಯಿತು. ಸರಕು ಬುರ್ಕಿನಾ ಫಾಸೋದ ಸೈನ್ಯದ ಬಳಕೆಗೆ ಮಾತ್ರ, ಬೇರೆಲ್ಲಿಗೂ ಹೋಗುವುದಿಲ್ಲ ಎಂದು ಕಾಗದದಲ್ಲಿ ಬರೆದಿತ್ತು. ಕೆಲವೇ ದಿನಗಳಲ್ಲಿ ಅದು ಲೈಬೀರಿಯಾ ಸೇರಿತು. ಅಲ್ಲಿಂದ ಆರ್‌ಯುಎಫ್‌ಗೆ ದಾರಿ ತೆರೆದೇ ಇತ್ತು. ಲೈಬೀರಿಯಾದ ಅಧ್ಯಕ್ಷನಾಗಿದ್ದ ಚಾರ್ಲ್ಸ್ ಟೇಲರ್‌ಗೆ ಈ ಬಂಡುಕೋರರಿಗೆ ನೆರವಾದ ಅಪರಾಧಕ್ಕೆ 2012ರಲ್ಲಿ ವಿಶೇಷ ನ್ಯಾಯಾಲಯ 50 ವರ್ಷ ಶಿಕ್ಷೆ ಕೊಟ್ಟಿತು.

ಈ ಕಾಗದದ ಕೆಲಸ ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದೇ ಪರ್ಮಿಟ್ ಹಿಡಿದು ಎಷ್ಟು ಲಾರಿ ಚೆಕ್‌ಪೋಸ್ಟ್ ದಾಟಿದವು ಎಂಬುದನ್ನು ಹೊಸಪೇಟೆ ರಸ್ತೆಯ ಹೋಟೆಲಿನವರೂ ಕಂಡಿದ್ದಾರೆ. ಆಫ್ರಿಕಾದ ವಜ್ರದ ಕಾಗದದಲ್ಲೂ ಲೆಕ್ಕ ಹೀಗೆಯೇ ಸಿಕ್ಕಿಬಿತ್ತು. ಲೈಬೀರಿಯಾದ ನೆಲ ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ ಕ್ಯಾರೆಟ್ ವಜ್ರ ಕೊಡಬಲ್ಲದು. 1994ರಿಂದ 1998ರ ನಡುವೆ ಲೈಬೀರಿಯಾದಿಂದ ಬಂತೆಂದು ಬೆಲ್ಜಿಯಂ ದಾಖಲಿಸಿದ್ದು 3.1 ಕೋಟಿ ಕ್ಯಾರೆಟ್‌ಗೂ ಹೆಚ್ಚು. ಅಂದರೆ ಹೆಚ್ಚಿನದು ಬೇರೆ ದೇಶಗಳಿಂದ ಕದ್ದು ಬಂದ ವಜ್ರ. ಕೊಳ್ಳುವವರು ಯಾರೂ ಇದನ್ನು ಕೂಡಿಸಿ ನೋಡಲಿಲ್ಲ.

ಈಗ ಪ್ರಶ್ನೆಯ ಅಸಲು ಭಾಗ: ಬಳ್ಳಾರಿಯಲ್ಲಿ ಏಕಿಲ್ಲ? ಸಂಡೂರಿನ ಅದಿರಿನ ಒಂದು ಬೊಗಸೆ ಎತ್ತಿಕೊಳ್ಳಿ. ಕೈ ಕೆಂಪಾಗುತ್ತದೆ, ಕೈ ಸೋಲುತ್ತದೆ, ಅದಕ್ಕೆ ಬೆಲೆ ಎಂದರೆ ಚಿಲ್ಲರೆ ಕಾಸು. ಅದು ದುಡ್ಡಾಗಬೇಕಾದರೆ ಜೆಸಿಬಿ, ಲಾರಿ, ರೈಲು, ಬಂದರು ಎಲ್ಲವೂ ಬೇಕು. ನೂರಾರು ಕಿಲೋಮೀಟರ್ ದಾರಿ ಸುಭದ್ರವಾಗಿರಬೇಕು. ಗುಂಡು ಹಾರಿದ ದಿನವೇ ಲಾರಿ ನಿಲ್ಲುತ್ತದೆ. ಆದ್ದರಿಂದ ಇಂಥ ಖನಿಜಕ್ಕೆ ಕಣ್ಣು ಹಾಕಿದವರಿಗೆ ಸರ್ಕಾರ ಬೀಳುವುದು ಬೇಡ, ಸರ್ಕಾರ ತಮ್ಮ ಮಾತು ಕೇಳಿದರೆ ಸಾಕು. ನಮ್ಮಲ್ಲಿ ಆದದ್ದು ಅದೇ. ಬೇಲೇಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಅದಿರು ಮಾಯವಾಯಿತು, 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ವರದಿ ಕೊಟ್ಟರು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಇಲ್ಲಿ ಲೂಟಿಯಾಯಿತು, ದಂಗೆ ಏಳಲಿಲ್ಲ. ಇದಕ್ಕೆ ನಮ್ಮ ರಕ್ತ ಒಳ್ಳೆಯದು ಎಂಬ ಕಾರಣ ಕೊಡಬೇಡಿ. ಲೂಟಿಯನ್ನು ಹಿಡಿದು ನಿಲ್ಲಿಸುವ ಒಂದು ಕೋರ್ಟು ಇತ್ತು ಎನ್ನುವುದು ಹೆಚ್ಚು ಸರಿ.

ವಜ್ರದ ಕಥೆ ಬೇರೆ. 5 ಕ್ಯಾರೆಟ್ ಎಂದರೆ ಒಂದೇ ಗ್ರಾಂ. ದವಡೆಯಲ್ಲಿ ಇಟ್ಟುಕೊಂಡು ಗಡಿ ದಾಟಬಹುದು. ಕೋನೋದಲ್ಲಿ ಅದು ಹೊಳೆಯ ಮರಳಿನಲ್ಲಿ ಸಲಿಕೆ, ಜರಡಿಗೆ ಸಿಗುತ್ತದೆ. ಇದನ್ನೂ ನಾವು ಕಂಡಿದ್ದೇವೆ. ಮುಂಗಾರಿನ ಮೊದಲ ಮಳೆ ಬಿದ್ದರೆ ಗುಂತಕಲ್ಲಿನ ಆಚೆ ವಜ್ರಕರೂರು, ಜೊನ್ನಗಿರಿಯ ಹೊಲಗಳಿಗೆ ನಮ್ಮ ಕಡೆಯವರು ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಒಂದು ಸಲ ನಾನೂ ಹೋಗಿ ಬದುವಿನ ಮೇಲೆ ಕೂತು ನೋಡಿದ್ದೇನೆ. ಬೆನ್ನಿಗೆ ಬಿಸಿಲು ಹಾಕಿಕೊಂಡು, ಸೊಂಟ ಬಗ್ಗಿಸಿ, ಹಸಿ ಮಣ್ಣಿನಲ್ಲಿ ಮಿಂಚುವ ಕಲ್ಲು ಹುಡುಕುತ್ತ ಸಾಲಾಗಿ ನಡೆಯುವ ಹೆಂಗಸರು. ಸಿಕ್ಕ ಚೂರನ್ನು ನಾಲಿಗೆಗೆ ಹಚ್ಚಿ, ಸೆರಗಿಗೆ ಒರೆಸಿ, ಬೆಳಕಿಗೆ ಹಿಡಿದು, ಬರೀ ಬೆಣಚು ಎಂದು ಎಸೆದು ಮುಂದೆ ಹೋಗುತ್ತಿದ್ದರು. ಆ ಹೊಲದ ತುದಿಯಲ್ಲಿ ಬಂದೂಕು ಹಿಡಿದ ಇಪ್ಪತ್ತು ಜನ ನಿಂತು, ಸಿಕ್ಕಿದ್ದರಲ್ಲಿ ಅರ್ಧ ನಮಗೆ ಎಂದರೆ? ಅಷ್ಟಾದರೆ ಸಾಕು, ಅದು ಕೋನೋ. ಅಲ್ಲಿ ಹಾಗೆ ನಿಲ್ಲುವವರನ್ನು ತಡೆಯಲು ಠಾಣೆ ಇರಲಿಲ್ಲ, ಇದ್ದ ಸೈನಿಕರಿಗೆ ಸಂಬಳ ಸರಿಯಾಗಿ ಬರುತ್ತಿರಲಿಲ್ಲ.

ಬೋಟ್ಸ್ವಾನಾವನ್ನು ಮರೆಯಬೇಡಿ. 1966ರಲ್ಲಿ ಸ್ವಾತಂತ್ರ್ಯ, ಮರುವರ್ಷವೇ ಓರಾಪಾದಲ್ಲಿ ವಜ್ರ. ಅಲ್ಲಿ ವಜ್ರ ಭೂಮಿಯೊಳಗಿನ ಬಂಡೆಯ ಕೊಳವೆಯಲ್ಲಿದೆ, ಯಂತ್ರವಿಲ್ಲದೆ ಸಿಗದು. ಗಣಿ ಕಂಪನಿಯಲ್ಲಿ ಸರ್ಕಾರಕ್ಕೆ ಅರ್ಧ ಪಾಲು. ಇಂದಿನವರೆಗೆ ಅಂತರ್ಯುದ್ಧ ಆಗಿಲ್ಲ. ಅದೂ ಆಫ್ರಿಕಾವೇ.

ಕಾಂಗೋದಲ್ಲಿ ಸಮುದಾಯಗಳ ನಡುವೆ ನಿಜವಾದ ಹಗೆ ಇದೆ, 1994ರ ರವಾಂಡಾ ನರಮೇಧದ ಗಾಯ ಗಡಿ ದಾಟಿ ಬಂದಿದೆ, ಒಪ್ಪುತ್ತೇನೆ. ಆದರೂ 2024ರ ಏಪ್ರಿಲ್‌ನಲ್ಲಿ ಎಂ23 ಎಂಬ ಬಂಡುಕೋರ ಪಡೆ ಹಿಡಿದ ಊರುಗಳಲ್ಲಿ ರುಬಾಯಾ ಒಂದು. ಮೊಬೈಲಿಗೆ ಬೇಕಾದ ಕೋಲ್ಟಾನ್ ಗಣಿ ಇರುವ ಊರು. ಅಲ್ಲಿ ಹಾಕಿದ ತೆರಿಗೆಯಿಂದ ಪಡೆಗೆ ತಿಂಗಳಿಗೆ ಸುಮಾರು 8 ಲಕ್ಷ ಡಾಲರ್ ಬರುತ್ತಿದೆ ಎಂದು ವಿಶ್ವಸಂಸ್ಥೆಯ ತಜ್ಞರು ಹೇಳಿದರು. ವಜ್ರಕ್ಕೆ ಪ್ರಮಾಣಪತ್ರ ಕೊಡುವ ಕಿಂಬರ್ಲಿ ವ್ಯವಸ್ಥೆ 2003ರಿಂದ ಇದೆ. ಬಂಡುಕೋರರು ಮಾರಿದ ವಜ್ರಕ್ಕಷ್ಟೇ ಅದರ ತಡೆ, ಸರ್ಕಾರಿ ಪಡೆಯೇ ಹೊಡೆದು ತೆಗೆಸಿದ ವಜ್ರ ಅದರ ಲೆಕ್ಕಕ್ಕೆ ಬರುವುದಿಲ್ಲ.

ಯಾರೂ ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು. ಖನಿಜ ಕೊಟ್ಟು ಆಯುಧ ತರುವ ವ್ಯಾಪಾರ ನಮ್ಮ ನೆಲಕ್ಕೆ ಹೊಸದೇನಲ್ಲ. ಕೃಷ್ಣಾ–ತುಂಗಭದ್ರೆಯ ನಡುವಿನ ದೋಆಬಿಗಾಗಿ, ರಾಯಚೂರು–ಮುದಗಲ್ಲು ಕೋಟೆಗಳಿಗಾಗಿ ವಿಜಯನಗರದವರೂ ಬಹಮನಿಗಳೂ, ಬಹಮನಿಗಳ ನಂತರ ಬಿಜಾಪುರದ ಆದಿಲ್ ಶಾಹಿಗಳೂ ಸುಮಾರು ಇನ್ನೂರು ವರ್ಷ ಹೊಡೆದಾಡಿದರು. ಶಾಲೆಯಲ್ಲಿ ಇದನ್ನು ಹಿಂದೂ–ಮುಸ್ಲಿಂ ಜಗಳ ಎಂದು ಕಲಿಸಿದವರಿದ್ದಾರೆ, ಅದೂ 'ರಕ್ತದಲ್ಲಿದೆ' ಎನ್ನುವ ಮಾತಿನ ಅಣ್ಣನೇ. ದೋಆಬಿನಲ್ಲಿ ಎರೆ ಭೂಮಿ ಇತ್ತು. ಹಟ್ಟಿಯಲ್ಲಿ ಅವರಿಗಿಂತ ಎಷ್ಟೋ ಶತಮಾನ ಮೊದಲೇ ತೋಡಿದ ಚಿನ್ನದ ಗುಂಡಿಗಳಿದ್ದವು. ಅಂದಿನ ಅಸಲಿ ಆಯುಧ ಅರಬ್ಬಿ ಕುದುರೆ. ವಿಜಯನಗರದ ಅರಸ ಸಾಳುವ ನರಸಿಂಹ ಹಡಗಿನಲ್ಲಿ ಸತ್ತ ಕುದುರೆಗೂ ಪೂರ್ತಿ ಹಣ ಕೊಡುತ್ತಿದ್ದನಂತೆ, ಬಾಲ ತಂದು ತೋರಿಸಿದರೆ ಸಾಕಿತ್ತಂತೆ. ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟ ಮಾತು ಇದು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಮುತ್ತಿದಾಗ ಗೋಡೆಯ ಮೇಲಿನ ಕಾವಲಿನವರನ್ನು ಗುಂಡಿಟ್ಟು ಕೆಡವಿದವರು ಕುದುರೆ ಮಾರಲು ಬಂದ ಪೋರ್ಚುಗೀಸರೇ. 1547ರಲ್ಲಿ ವಿಜಯನಗರ ಗೋವಾದ ಪೋರ್ಚುಗೀಸರ ಜೊತೆ ಕರಾರು ಮಾಡಿಕೊಂಡಿತು: ಗೋವಾಕ್ಕೆ ಬರುವ ಕುದುರೆಗಳು ವಿಜಯನಗರಕ್ಕೆ ಸೇರಬೇಕು, ಬಿಜಾಪುರದ ಆದಿಲ್ ಶಾಹಿಗೆ ಒಂದೂ ಹೋಗಬಾರದು. ಈ ಸಾಲು ಓದಿದಾಗಲೆಲ್ಲ ನನಗೆ ಔಗಡೂಗುವಿನ ಆ ಕಾಗದ ನೆನಪಾಗುತ್ತದೆ. ಸರಕು ಯಾರಿಗೆ ಸೇರಬೇಕು, ಯಾರಿಗೆ ಸೇರಬಾರದು ಎಂದು ಅದರಲ್ಲೂ ಸ್ಪಷ್ಟವಾಗಿಯೇ ಬರೆದಿತ್ತು.